ಕಾಳನ ಜ್ವರಕ್ಕೆ ನಲವತ್ತೊಂದು ಸಾವಿರ: ದುಡ್ಡು ಹೋದದ್ದೆಲ್ಲಿ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಆರು ವರ್ಷದ ಕಪ್ಪು ಲ್ಯಾಬ್ರಡಾರ್ ಇದೆ. ಹೆಸರು ಕಾಳ, ತೂಕ 28 ಕೆ.ಜಿ. ಹೋದ ಜುಲೈನಿಂದ ಈಚೆಗೆ ಮೂರು ಸಲ ಉಣುಗಿನ ಜ್ವರ ಬಂತು: ಜುಲೈ, ನವೆಂಬರ್, ಮಾರ್ಚ್. ಪ್ರತಿ ಸಲವೂ ನಾಲ್ಕೈದು ದಿನ ಡ್ರಿಪ್, ಇಂಜೆಕ್ಷನ್. ಜೊತೆಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು, ಹತ್ತು ದಿನ. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದದ್ದು ಒಂದೂವರೆ ಲಕ್ಷ ದಾಟಿದ ಕೂಡಲೇ ಮಾತ್ರೆ ನಿಲ್ಲಿಸಿದೆವು. ಪಪ್ಪಾಯಿ ಎಲೆ ರಸ, ದಾಳಿಂಬೆ, ರಕ್ತದ ಟಾನಿಕ್ ಎಲ್ಲ ಕೊಟ್ಟಿದ್ದೇವೆ. ಮಾತ್ರೆಯನ್ನು ಮೊಸರನ್ನದಲ್ಲಿಟ್ಟರೆ ತಕರಾರಿಲ್ಲದೆ ತಿನ್ನುತ್ತಾನೆ. ಈಗ ಊಟ ಮಾಡುತ್ತಾನೆ, ಆದರೆ ಮೊದಲಿನ ಚುರುಕಿಲ್ಲ. ಹೋದ ವಾರದ ರಿಪೋರ್ಟ್: ಹಿಮೋಗ್ಲೋಬಿನ್ 9.2, ಪ್ಲೇಟ್‌ಲೆಟ್ 1,10,000, ಬಿಳಿರಕ್ತಕಣ 9,800. ಕಿಟ್ ಪರೀಕ್ಷೆ ಈಗಲೂ ಪಾಸಿಟಿವ್. ಒಟ್ಟು ಖರ್ಚು ನಲವತ್ತೊಂದು ಸಾವಿರ ದಾಟಿದೆ. ಲೆಕ್ಕದ ಚೀಟಿ ಜೊತೆಗಿಟ್ಟಿದ್ದೇನೆ. ರಕ್ತದಲ್ಲಿ ಸೇರಿಕೊಂಡ ಕಾಯಿಲೆ ಸಾಯುವತನಕ ಹೋಗುವುದಿಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ, ಇದರಿಂದ ಮಂಗನ ಕಾಯಿಲೆ ಬರಬಹುದು ಎನ್ನುವವರೂ ಇದ್ದಾರೆ. ಯಾರಿಗಾದರೂ ಕೊಟ್ಟುಬಿಡೋಣ ಎಂದು ನಮ್ಮನೆಯವರ ಮಾತು. ಆದರೆ ಎರಡು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಮಾವನವರು ದಿನವಿಡೀ ಜಗಲಿಯಲ್ಲಿ ಕಾಳನ ಜೊತೆಗೇ ಇರುತ್ತಾರೆ, ಮಾತಾಡುವುದೂ ಅವನ ಹತ್ತಿರವೇ ಹೆಚ್ಚು. ಇನ್ನೂ ದುಡ್ಡು ಹಾಕಬೇಕೇ, ಸಾಕೇ? ನೇರವಾಗಿ ಹೇಳಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ. ನೀವು ಕಳಿಸಿದ ಅಂಕಿ ನೋಡಿದರೆ ಕಾಳ ಕೈಬಿಡುವ ಸ್ಥಿತಿಯಲ್ಲಿಲ್ಲ. ಮೂರು ಸಲವೂ ಔಷಧಿಗೆ ಅವನ ಪ್ಲೇಟ್‌ಲೆಟ್ ಮೇಲೆದ್ದಿದೆ, ಬಿಳಿರಕ್ತಕಣ 6,000ದಿಂದ 17,000ದ ಮಾಮೂಲು ಮಿತಿಯೊಳಗೇ ಇದೆ. ಅಂದರೆ ರಕ್ತ ಹುಟ್ಟುವ ಅಸ್ಥಿಮಜ್ಜೆ ಇನ್ನೂ ಕೆಲಸ ಮಾಡುತ್ತಿದೆ. ಕೆಂಪು, ಬಿಳಿ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಕುಸಿದು, ಔಷಧಿ ಕೊಟ್ಟರೂ ಏಳದೆ ಇದ್ದಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು.

ಮೊದಲು ನಿಮ್ಮ ಚೀಟಿಯನ್ನೇ ಓದೋಣ. ಡ್ರಿಪ್, ಇಂಜೆಕ್ಷನ್, ವೈದ್ಯರ ಫೀಸು 19,000. ರಕ್ತಪರೀಕ್ಷೆ 8,500. ಶಿವಮೊಗ್ಗಕ್ಕೆ ಕಾರಿನ ಬಾಡಿಗೆ 9,000. ಟಾನಿಕ್, ಪಪ್ಪಾಯಿ ಸಿರಪ್ 3,800. ಡಾಕ್ಸಿಸೈಕ್ಲಿನ್ 600. ಉಣುಗಿನ ಪುಡಿ ಒಂದು ಡಬ್ಬಿ, 250. ರೋಗಾಣುವನ್ನು ನಿಜವಾಗಿ ಮಣಿಸುವ ಔಷಧಿಗೂ, ಅದನ್ನು ಹೊತ್ತು ತರುವ ಉಣುಗಿಗೂ ಸೇರಿ ನೀವು ಖರ್ಚು ಮಾಡಿದ್ದು 850 ರೂಪಾಯಿ. ಉಳಿದದ್ದೆಲ್ಲ ಹೋದದ್ದು ಜ್ವರ ಬಂದ ಮೇಲಿನ ಓಡಾಟಕ್ಕೆ.

‘ಉಣುಗಿನ ಜ್ವರ’ ಅಥವಾ ‘ಟಿಕ್ ಫೀವರ್’ ಎನ್ನುವ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಇದು ಒಂದು ಕಾಯಿಲೆಯಲ್ಲ. ನಮ್ಮ ಕಡೆಯ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು ಎರ್ಲಿಕಿಯಾ. ಇದು ಬಿಳಿರಕ್ತಕಣದೊಳಗೆ ಕೂರುವ ಬ್ಯಾಕ್ಟೀರಿಯಾ, ಪ್ಲೇಟ್‌ಲೆಟ್ ಇಳಿಸುವುದು ಇದರ ಗುರುತು. ಇನ್ನೊಂದು ಬಬೇಸಿಯಾ. ಇದು ಕೆಂಪುರಕ್ತಕಣದೊಳಗೆ ಸೇರಿ ಅದನ್ನೇ ಒಡೆಯುವ ಪರೋಪಜೀವಿ. ರಕ್ತಹೀನತೆ, ಕೆಲವೊಮ್ಮೆ ಕಾಫಿ ಬಣ್ಣದ ಮೂತ್ರ ಇದರ ಲಕ್ಷಣ. ಒಂದರ ಔಷಧಿ ಇನ್ನೊಂದಕ್ಕೆ ಸಾಲದು. ಒಂದೇ ನಾಯಿಗೆ ಎರಡೂ ಒಟ್ಟಿಗೆ ಬರುವುದುಂಟು. ಕಾಳನ ಹಿಮೋಗ್ಲೋಬಿನ್ 12ರಿಂದ 18ರ ನಡುವೆ ಇರಬೇಕಿತ್ತು, ಇರುವುದು 9.2. ಹಾಗಾಗಿ ಬಬೇಸಿಯಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ.

ಈಗ ಮಾತ್ರೆಯ ಲೆಕ್ಕ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಪ್ರಮಾಣ ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂ., ಅವಧಿ 28 ದಿನ. ಕಾಳನ 28 ಕೆ.ಜಿ.ಗೆ ದಿನಕ್ಕೆ 280 ಆಯಿತು, ಅಂದರೆ 100ರ ಮೂರು ಕ್ಯಾಪ್ಸೂಲ್. ಒಟ್ಟು 84. ನೀವು ಕೊಟ್ಟದ್ದು ದಿನಕ್ಕೆ ಎರಡರಂತೆ ಹತ್ತು ದಿನ, ಪ್ರತಿ ಸಲ 20. ಜ್ವರ ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಪ್ಲೇಟ್‌ಲೆಟ್ ಒಂದೆರಡು ವಾರದಲ್ಲಿ ಏರುತ್ತದೆ, ನಾಯಿ ಬಾಲ ಅಲ್ಲಾಡಿಸುತ್ತದೆ. ಆದರೆ ಉಳಿದ ರೋಗಾಣು ಗುಲ್ಮ ಮತ್ತು ಅಸ್ಥಿಮಜ್ಜೆಯಲ್ಲಿ ಸುಮ್ಮನೆ ಕುಳಿತಿರುತ್ತದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಡೆಂಗಿ ಬಂದು ಹೋದ ಮನೆಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯೇ ಕಾಯಿಲೆ ಎನ್ನುವ ಭಾವನೆ ಬೇರೂರಿಬಿಟ್ಟಿದೆ. ಇಲ್ಲಿ ಅದು ಬರೀ ಹೊಗೆ, ಬೆಂಕಿ ಬೇರೆಡೆ ಇದೆ.

ಕೊಟ್ಟ ಇಪ್ಪತ್ತೂ ಪೂರ್ತಿ ಮೈಗೆ ಹತ್ತಿದೆಯೇ ಎಂಬುದೂ ಅನುಮಾನ, ಕಾರಣ ನೀವೇ ಬರೆದಿರುವ ಮೊಸರನ್ನ. ಹಾಲು ಮೊಸರಿನ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್‌ಗೆ ಅಂಟಿಕೊಂಡು ಒಂದಷ್ಟು ಔಷಧಿ ರಕ್ತಕ್ಕೆ ಸೇರದಂತೆ ಮಾಡುತ್ತದೆ. ರಕ್ತದ ಟಾನಿಕ್ಕಿನಲ್ಲಿರುವ ಕಬ್ಬಿಣ ಇದೇ ತೊಂದರೆಯನ್ನು ಇನ್ನೂ ಹೆಚ್ಚು ಮಾಡುತ್ತದೆ. ಇಡ್ಲಿಯ ತುಂಡಿನೊಳಗೋ ಬೇಯಿಸಿದ ಮೊಟ್ಟೆ ಕಲಸಿದ ಅನ್ನದ ಉಂಡೆಯೊಳಗೋ ಕ್ಯಾಪ್ಸೂಲ್ ಅಡಗಿಸಿ ಕೊಡಿ. ಊಟದ ಮಧ್ಯದಲ್ಲಿ ಕೊಡಿ, ಆಮೇಲೆ ನೀರು ಕುಡಿಯಲಿ. ಒಣಗಂಟಲಲ್ಲಿ ನುಂಗಿಸಿದ ಕ್ಯಾಪ್ಸೂಲ್ ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟ ಹುಣ್ಣು ಮಾಡುತ್ತದೆ, ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ. ಟಾನಿಕ್ ಕೊಡಲೇಬೇಕಾದರೆ ಮೂರು ಗಂಟೆ ಅಂತರ ಇರಲಿ. ಕೊಟ್ಟ ಒಂದು ಗಂಟೆಯೊಳಗೆ ವಾಂತಿಯಾದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ, ನೀವೇ ಇನ್ನೊಂದು ಹಾಕಬೇಡಿ.

ಪಪ್ಪಾಯಿ ಎಲೆ ರಸ ಎರ್ಲಿಕಿಯಾವನ್ನು ಕೊಲ್ಲುವುದಿಲ್ಲ. ಕಹಿ ರಸವನ್ನು ಬಲವಂತವಾಗಿ ಸುರಿದರೆ ನಾಯಿ ಊಟವನ್ನೇ ಬಿಡುವುದುಂಟು. ದಾಳಿಂಬೆ, ಬೀಟ್‌ರೂಟಿನಿಂದ ತೊಂದರೆಯೂ ಇಲ್ಲ, ಹೇಳಿಕೊಳ್ಳುವ ಲಾಭವೂ ಇಲ್ಲ. ನನಗೆ ಭಯ ಇರುವುದು ಬೇರೆ ಎರಡರ ಬಗ್ಗೆ. ಒಂದು, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಸಾಂಬಾರು ಕಲಸಿದ ಅನ್ನ. ಈರುಳ್ಳಿ ನಾಯಿಯ ಕೆಂಪುರಕ್ತಕಣ ಒಡೆಯುತ್ತದೆ, ರಕ್ತಹೀನತೆ ಇರುವ ಕಾಳನಿಗೆ ಅದು ವಿಷವೇ. ಇನ್ನೊಂದು, ಮೈ ಬಿಸಿಯಾಗಿದೆ ಎಂದು ಮನೆಯ ಡಬ್ಬಿಯಿಂದ ತೆಗೆದು ಕೊಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್. ಪ್ಲೇಟ್‌ಲೆಟ್ ಇಳಿದ ನಾಯಿಗೆ ಇವುಗಳಲ್ಲಿ ಕೊನೆಯ ಎರಡನ್ನು ಕೊಟ್ಟರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಡ್ರಿಪ್ಪಿನ ಬಗ್ಗೆಯೂ ಒಂದು ಮಾತು: ವಾಂತಿ, ನಿರ್ಜಲತೆ, ಊಟ ಪೂರ್ತಿ ಬಿಟ್ಟಿದ್ದು, ಇವಕ್ಕೆ ಅದು ಬೇಕು. ತಿನ್ನುತ್ತ ಕುಡಿಯುತ್ತ ಇರುವ ನಾಯಿಗೆ ಐದು ದಿನದ ಡ್ರಿಪ್‌ನಿಂದ ರೋಗಾಣು ಸಾಯುವುದಿಲ್ಲ. ಮುಂದಿನ ಸಲ ‘ಇವನಿಗೆ ಇದು ಯಾತಕ್ಕೆ?’ ಎಂದು ವೈದ್ಯರನ್ನು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಿಟ್ ಇನ್ನೂ ಪಾಸಿಟಿವ್ ಎಂದು ಗಾಬರಿ ಬೇಡ. ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಗುಣವಾದ ನಾಯಿಯಲ್ಲೂ ಪ್ರತಿಕಾಯ ತಿಂಗಳು, ವರ್ಷ ಉಳಿಯುತ್ತದೆ. ಅದಕ್ಕೇ ಮತ್ತೆ ಮತ್ತೆ ಕಿಟ್ ಹಾಕಿಸುವುದು ದುಡ್ಡು ದಂಡ. ‘ಸಾಯುವತನಕ ಹೋಗುವುದಿಲ್ಲ’ ಎಂಬ ಮಾತು ಹುಟ್ಟಿದ್ದೂ ಬಹುಶಃ ಇಲ್ಲಿಂದಲೇ. ಆದರೆ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎಂಬುದೂ ಸುಳ್ಳು. ಪ್ರತಿಕಾಯ ಇದ್ದರೂ ರಕ್ಷಣೆ ಇಲ್ಲ, ಸೋಂಕಿದ ಹೊಸ ಉಣುಗು ಕಚ್ಚಿದರೆ ಹೊಸ ಸೋಂಕು. ಕಾಳನ ಮೂರು ಜ್ವರದಲ್ಲಿ ಹಳೆಯದು ಮರುಕಳಿಸಿದ್ದೆಷ್ಟು, ಹೊಸದಾಗಿ ಅಂಟಿದ್ದೆಷ್ಟು ಎಂದು ಈಗ ಬೇರ್ಪಡಿಸಲಾಗದು. ಎರಡೂ ಬಾಗಿಲು ತೆರೆದೇ ಇದ್ದವು.

ಹಾಗಾದರೆ ಈಗ ಏನು ಮಾಡಿಸಬೇಕು? ಶಿವಮೊಗ್ಗಕ್ಕೆ ಹೋಗುವುದೇ ಆದರೆ ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹಿಂದಿನ ಎಲ್ಲ ರಿಪೋರ್ಟ್ ಜೊತೆ ಒಮ್ಮೆ ಹೋಗಿ, ಒಂದೇ ಬಾಡಿಗೆಯಲ್ಲಿ ಎಲ್ಲ ಮುಗಿಸಿ. ಕೇಳಬೇಕಾದ್ದು ಇಷ್ಟು. ಪೂರ್ತಿ ರಕ್ತದೆಣಿಕೆ. ಜೊತೆಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್, ಸಾಧ್ಯವಾದರೆ ಕಿವಿಯ ಅಂಚಿನ ರಕ್ತದ್ದು. ಯಂತ್ರವು ಗಡ್ಡೆಕಟ್ಟಿದ ಪ್ಲೇಟ್‌ಲೆಟ್‌ಗಳನ್ನು ಎಣಿಸದೆ ಸುಳ್ಳು ಕಡಿಮೆ ಸಂಖ್ಯೆ ತೋರಿಸುವುದುಂಟು, ಕಣ್ಣು ಅದನ್ನು ಹಿಡಿಯುತ್ತದೆ. ಬಬೇಸಿಯಾವೂ ಸ್ಮಿಯರಿನಲ್ಲಿ ಕಂಡೀತು. ಆದರೆ ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ, ಆಗ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ರಕ್ತದ ಪಿಸಿಆರ್ ಪರೀಕ್ಷೆ ಬೇಕು. ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಪ್ರೋಟೀನ್ ನೋಡಿಸಿ, ಹಳೆಯ ಎರ್ಲಿಕಿಯಾ ಮೂತ್ರಪಿಂಡವನ್ನು ಕೆಡಿಸುತ್ತದೆ.

ಎರ್ಲಿಕಿಯಾ ಮಾತ್ರವಾದರೆ ಮೇಲೆ ಹೇಳಿದ 84 ಕ್ಯಾಪ್ಸೂಲಿನ ಪೂರ್ತಿ ಕೋರ್ಸು, ವೈದ್ಯರಿಗೆ ಆ ಲೆಕ್ಕ ತೋರಿಸಿ. ಇದಕ್ಕೆ ಸಾವಿರ ರೂಪಾಯಿ ದಾಟದು. ಬಬೇಸಿಯಾ ಸಿಕ್ಕರೆ ಯಾವ ಜಾತಿಯದು ಎಂಬುದರ ಮೇಲೆ ದಾರಿ. ದೊಡ್ಡ ಜಾತಿಯದಾದರೆ ಇಮಿಡೊಕಾರ್ಬ್ ಇಂಜೆಕ್ಷನ್, 14 ದಿನದ ಅಂತರದಲ್ಲಿ ಎರಡು. ಚುಚ್ಚಿದ ಜಾಗ ನೋಯುತ್ತದೆ, ಜೊಲ್ಲು, ವಾಂತಿ, ಭೇದಿ ಆಗಬಹುದು. ಅದಕ್ಕೇ ಮೊದಲು ಅಟ್ರೊಪಿನ್ ಕೊಡುತ್ತಾರೆ. ಸಣ್ಣ ಜಾತಿ, ಬಬೇಸಿಯಾ ಗಿಬ್ಸೋನಿ ಆದರೆ ಈ ಇಂಜೆಕ್ಷನ್ ಸರಿಯಾಗಿ ಹಿಡಿಯದು. ಅಟೊವಾಕ್ವೋನ್ ಮತ್ತು ಅಜಿತ್ರೊಮೈಸಿನ್ ಹತ್ತು ದಿನ ಕೊಡಬೇಕು. ಅಟೊವಾಕ್ವೋನ್ ದುಬಾರಿ, ಕೊಬ್ಬಿನ ಆಹಾರದ ಜೊತೆ ದಿನಕ್ಕೆ ಮೂರು ಸಲ. ಅದು ಕೈಗೆಟುಕದಿದ್ದರೆ ಕ್ಲಿಂಡಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೂರನ್ನೂ ಸೇರಿಸಿ ಕೊಡುವ ಪದ್ಧತಿಯೂ ಇದೆ. ಅಗ್ಗ, ಆದರೆ ನಿಧಾನ. ಯಾವುದೇ ದಾರಿಯಲ್ಲೂ ಗಿಬ್ಸೋನಿ ಬೇರುಸಮೇತ ಹೋಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಬಹಳ ನಾಯಿಗಳು ಅದನ್ನು ಒಳಗಿಟ್ಟುಕೊಂಡೇ ಚೆನ್ನಾಗಿ ಬದುಕುತ್ತವೆ.

ಕೋರ್ಸ್ ಮುಗಿದ ದಿನ ಒಮ್ಮೆ, ಒಂದು ತಿಂಗಳ ಮೇಲೆ ಒಮ್ಮೆ ರಕ್ತದೆಣಿಕೆ. ಇಷ್ಟು ಸಾಕು. ಅದೂ ಸಾಗರದಲ್ಲೇ ಆಗುತ್ತದೆ, ರಕ್ತ ತೆಗೆಸಲು ಶಿವಮೊಗ್ಗ ಬೇಡ.

ಇನ್ನು ಉಣುಗು. ಮೂರು ಜ್ವರದ ಬೇರು ನಿಮ್ಮ ಜಗಲಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ನಾಯಿಯ ಕಂದು ಉಣುಗು ಮೊಟ್ಟೆಯಿಂದ ದೊಡ್ಡದಾಗುವ ತನಕ ಮೂರು ಸಲ ನಾಯಿಯ ಮೈ ಹತ್ತಿ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕೆಳಗಿಳಿಯುತ್ತದೆ, ಮೊದಲ ಎರಡು ಸಲ ಗೋಡೆಯ ಬಿರುಕಿನಲ್ಲಿ ಪೊರೆ ಕಳಚುತ್ತದೆ. ಹೊಟ್ಟೆ ತುಂಬಿ ಕಡಲೆಯಷ್ಟು ಊದಿದ ಹೆಣ್ಣು ಒಂದೇ ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅದೂ ನಾಯಿಯ ಮೇಲಲ್ಲ, ಬಿರುಕಿನಲ್ಲಿ. ಸೆಕೆ ಕಾಲದಲ್ಲಿ ಈ ಸುತ್ತು ಎರಡು ತಿಂಗಳಲ್ಲಿ ಮುಗಿಯುತ್ತದೆ. ಬೆಳೆದ ಉಣುಗು ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಕಾಯುತ್ತದೆ. ನಾಯಿಯ ಮೈಮೇಲೆ ನಿಮಗೆ ಹತ್ತು ಕಂಡರೆ ಮನೆಯಲ್ಲಿ ಅದರ ಎಷ್ಟೋ ಪಟ್ಟು ಇವೆ ಎಂದೇ ಲೆಕ್ಕ. ಪುಡಿ ಉದುರಿಸಿದ್ದು ಆ ಹತ್ತಕ್ಕೆ ಮಾತ್ರ, ಅದೂ ಮಲೆನಾಡಿನ ಮಳೆಯಲ್ಲಿ ಒಂದು ಸಲ ನೆನೆಯುವವರೆಗೆ.

ಕಾಳ ಮಲಗುವ ಗೋಣಿಚೀಲ ಸುಟ್ಟುಹಾಕಿ, ಬದಲಿಗೆ ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಬಹುದಾದ ಹಳೇ ಬೆಡ್‌ಶೀಟ್ ಹಾಸಿ. ಜಗಲಿಯ ಕಟ್ಟೆ, ಕಲ್ಲಿನ ಸಂದು, ಬಾಗಿಲ ಚೌಕಟ್ಟಿನ ಬಿರುಕು ಸಿಮೆಂಟಿನಲ್ಲಿ ಮುಚ್ಚಿಸಿ. ಈ ಉಣುಗು ಮೇಲಕ್ಕೆ ಹತ್ತುವ ಜಾತಿ, ಆದ್ದರಿಂದ ಗೋಡೆಗೆ ತೂಗುಹಾಕಿದ ಫೋಟೋ, ಕ್ಯಾಲೆಂಡರಿನ ಹಿಂದೆಯೂ ನೋಡಿ. ಆಮೇಲೆ ಡೆಲ್ಟಾಮೆಥ್ರಿನ್ ದ್ರಾವಣ, ಬಾಟಲಿಯ ಚೀಟಿಯಲ್ಲಿ ಜಾಗಕ್ಕೆಂದು ಬರೆದಿರುವ ಪ್ರಮಾಣದಲ್ಲಿ, ಬಿರುಕಿನೊಳಗೆ ಇಳಿಯುವಂತೆ ಸಿಂಪಡಿಸಿ. ಎರಡು ವಾರಕ್ಕೊಮ್ಮೆ, ಕನಿಷ್ಠ ಮೂರು ಸಲ, ಏಕೆಂದರೆ ಮೊಟ್ಟೆಗೆ ಅದು ತಟ್ಟುವುದಿಲ್ಲ. ಒಣಗುವತನಕ ಮಗುವನ್ನೂ ಕಾಳನನ್ನೂ ದೂರವಿಡಿ. ಬೆಕ್ಕಿದ್ದರೆ ಎರಡುಪಟ್ಟು ಎಚ್ಚರ. ಬಾವಿ, ಮೀನಿನ ತೊಟ್ಟಿ, ಜೇನುಪೆಟ್ಟಿಗೆಯ ಹತ್ತಿರ ಬೇಡವೇ ಬೇಡ. ಕೊಟ್ಟಿಗೆಯ ದನಗಳಿಂದ ಬಂತು ಎಂದು ದನವನ್ನು ದೂರುವವರಿದ್ದಾರೆ. ದನದ ಮೈಯ ಉಣುಗು ಬಹುಮಟ್ಟಿಗೆ ಬೇರೆ ಜಾತಿ.

ಮೈಗೆ ಏನು? ನಿಮ್ಮ ಊರಿನ ಮಳೆಗೆ ನಾನು ಹೇಳುವುದು ತಿನ್ನಿಸುವ ಮಾತ್ರೆ. ಅಫೊಕ್ಸೊಲನರ್, ಸರೊಲನರ್ ತಿಂಗಳಿಗೊಂದು, ಫ್ಲುರಲನರ್ 12 ವಾರಕ್ಕೊಂದು. ತೂಕ ನೋಡಿ ಕೊಳ್ಳಬೇಕು. ಕಾಳನ ತೂಕಕ್ಕೆ ತಿಂಗಳಿಗೆ ಸುಮಾರು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಉಣುಗು ಕಚ್ಚಿದ ಮೇಲೆಯೇ ಸಾಯುವುದು ಇದರ ಮಿತಿ. ಎರ್ಲಿಕಿಯಾ ಕಚ್ಚಿದ ಕೆಲವೇ ಗಂಟೆಯಲ್ಲಿ ದಾಟಬಲ್ಲದು, ಹಾಗಾಗಿ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಫಿಟ್ಸ್ ಬಂದ ಚರಿತ್ರೆ ಇರುವ ನಾಯಿಗೆ ಈ ಗುಂಪಿನ ಮಾತ್ರೆ ವೈದ್ಯರನ್ನು ಕೇಳದೆ ಕೊಡಬಾರದು. ಖರ್ಚು ಹೆಚ್ಚೆನಿಸಿದರೆ ಅಮಿಟ್ರಾಜ್ 12.5% ದ್ರಾವಣ ಇದೆ, ಲೀಟರ್ ನೀರಿಗೆ 2ರಿಂದ 4 ಮಿ.ಲೀ., ಎರಡು ವಾರಕ್ಕೊಮ್ಮೆ. ಕೈಗವಸು ಹಾಕಿ ಮೈಗೆ ಸ್ಪಂಜಿನಿಂದ ಹಚ್ಚಿ, ತೊಳೆಯದೆ ಒಣಗಲು ಬಿಡಬೇಕು, ಅಷ್ಟು ಹೊತ್ತು ನೆಕ್ಕಿಕೊಳ್ಳಬಾರದು. ಸಕ್ಕರೆ ಕಾಯಿಲೆ ಇರುವ ನಾಯಿಗೆ ಇದು ಆಗದು, ಹಚ್ಚುವವರಿಗೆ ಸಕ್ಕರೆ ಕಾಯಿಲೆ ಇದ್ದರೂ ಬೇಡ. ಆಷಾಢದ ಮಳೆಯಲ್ಲಿ ನಾಯಿ ಒಣಗುವುದೇ ಇಲ್ಲ, ಅದೇ ದೊಡ್ಡ ತೊಡಕು. ಸೀಮೆಎಣ್ಣೆ, ಇಂಜಿನ್ ಆಯಿಲ್, ಹೊಗೆಸೊಪ್ಪಿನ ನೀರು ಇವು ಉಣುಗಿಗಿಂತ ಮೊದಲು ನಾಯಿಯ ಚರ್ಮವನ್ನೂ ಲಿವರನ್ನೂ ಹಿಡಿಯುತ್ತವೆ.

ಮಂಗನ ಕಾಯಿಲೆಯ ಭಯ ನಿಮ್ಮ ಸೀಮೆಯಲ್ಲಿ ಸಹಜ. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದೇ. ಆದರೆ ಅದು ವೈರಸ್. ಅದನ್ನು ಮುಖ್ಯವಾಗಿ ಹರಡುವುದು ಹಿಮಾಫೈಸಾಲಿಸ್ ಸ್ಪಿನಿಗೆರಾ ಎಂಬ ಕಾಡಿನ ಉಣುಗು, ನಿಮ್ಮ ಜಗಲಿಯ ಕಂದು ಉಣುಗಲ್ಲ. ಕಾಳನ ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ, ಕಾಳನ ಮೈ ಮುಟ್ಟಿದ್ದರಿಂದ ಮಗುವಿಗೆ ಎರ್ಲಿಕಿಯಾವೂ ಬರುವುದಿಲ್ಲ. ಹಾಗೆಂದು ಪೂರ್ತಿ ನಿಶ್ಚಿಂತೆಯೂ ಬೇಡ. ಡಿಸೆಂಬರಿನಿಂದ ಮೇ ತನಕ ಕಾಡಿನಲ್ಲಿ ಮರಿ ಉಣುಗು ಹೆಚ್ಚು. ಸೊಪ್ಪಿನ ಬೆಟ್ಟಕ್ಕೆ, ದರಗು (ಒಣಗಿದ ಎಲೆ) ಗುಡಿಸಲು ಹೋಗುವವರ ಹಿಂದೆ ಕಾಳ ಹೋದರೆ ಅವನ್ನು ಮೈಮೇಲೆ ಹೊತ್ತು ಮನೆಗೆ ತರಬಲ್ಲ. ಆ ತಿಂಗಳುಗಳಲ್ಲಿ ಅವನು ಅಂಗಳ ದಾಟದಿರಲಿ. ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಮನುಷ್ಯರಿಗೆ, ನಾಯಿ ನೆಕ್ಕಿಕೊಳ್ಳುವುದರಿಂದ ಅದಕ್ಕೆ ಹಚ್ಚಬೇಡಿ. ಕಂದು ಉಣುಗು ಕೂಡ ಅಪರೂಪಕ್ಕೆ ಮನುಷ್ಯರನ್ನು ಕಚ್ಚಿ ಬೇರೆ ಜ್ವರ ತರಬಲ್ಲದು. ಮಗುವಿಗೆ ಜ್ವರದ ಜೊತೆ ಮೈಮೇಲೆ ಗುಳ್ಳೆ ಎದ್ದರೆ ಮನೆಯಲ್ಲಿ ಉಣುಗು ಇದೆ ಎಂಬುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ವರ್ಷದ ಲೆಕ್ಕ ಕೇಳಿದರೆ: ಉಣುಗಿನ ಮಾತ್ರೆ ಹನ್ನೆರಡು ಸಾವಿರದ ಆಸುಪಾಸು, ರೇಬೀಸ್ ಮತ್ತು ಇಲಿಜ್ವರ ಸೇರಿದ ಲಸಿಕೆಗಳು, ಎರಡು ರಕ್ತದೆಣಿಕೆ, ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ. ಗದ್ದೆನೀರು, ಇಲಿ ಎರಡೂ ಇರುವ ಕಡೆ ಇಲಿಜ್ವರದ ಲಸಿಕೆ ಬಿಡುವಂತಿಲ್ಲ. ಹೋದ ವರ್ಷ ಹೋದದ್ದರ ಅರ್ಧವೂ ಆಗಲಿಲ್ಲ. ಕಾಳನನ್ನು ಬೇರೆಯವರಿಗೆ ಕೊಡುವುದು ಈ ಲೆಕ್ಕದಲ್ಲಿ ನನಗೆ ಸರಿಕಾಣುವುದಿಲ್ಲ. ಆರು ವರ್ಷದ, ಅರ್ಧ ಚಿಕಿತ್ಸೆಯಾದ ನಾಯಿಗೆ ಹೊಸ ಮನೆಯವರು 84 ಕ್ಯಾಪ್ಸೂಲ್ ಎಣಿಸಿ ಕೊಡುತ್ತಾರೆಯೇ? ಅವನನ್ನು ಕಳಿಸಿದರೂ ಉಣುಗು ಜಗಲಿಯಲ್ಲಂತೂ ಉಳಿದೇ ಉಳಿಯುತ್ತದೆ.

ಮಾವನವರ ವಿಷಯವನ್ನು ನೀವು ಕೊನೆಗೆ, ಸ್ವಲ್ಪ ಸಂಕೋಚದಿಂದ ಬರೆದಿದ್ದೀರಿ. ನಾನು ಅದನ್ನು ಮೊದಲ ಸಾಲಿಗೆ ತರುತ್ತೇನೆ, ಏಕೆಂದರೆ ಈ ಚಿಕಿತ್ಸೆಯಲ್ಲಿ ದುಡ್ಡಿನಿಂದ ಆಗದ ಕೆಲಸ ಒಂದಿದೆ, ಅದಕ್ಕೆ ಅವರಿಗಿಂತ ಬಿಡುವಿರುವವರು ಮನೆಯಲ್ಲಿಲ್ಲ. ದಿನಾ ಸಂಜೆ ಹತ್ತು ನಿಮಿಷ ಕಾಳನ ಮೈಯನ್ನು ಬೆರಳಿನಿಂದ ಓದಬೇಕು. ಕಪ್ಪು ನಾಯಿ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಕಿವಿಯ ಒಳಮಡಿಕೆ, ಬೆಲ್ಟಿನ ಅಡಿ, ಕಂಕುಳು, ಕಾಲ್ಬೆರಳ ಸಂದು, ಬಾಲದ ಬುಡ. ಒಂದು ಕೈ ಸ್ವಾಧೀನದಲ್ಲಿಲ್ಲದಿದ್ದರೂ ಹುಡುಕುವುದು ಅವರಿಂದ ಆಗುತ್ತದೆ, ಕೀಳುವುದು ನೀವು. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಬೆಂಕಿಕಡ್ಡಿ ತೋರಿಸಬೇಡಿ. ಕೊನೆಗೆ ತುಟಿ ಎತ್ತಿ ಒಸಡು ನೋಡಬೇಕು, ಹೊಟ್ಟೆಯ ಕೂದಲಿಲ್ಲದ ಚರ್ಮವನ್ನೂ. ಗುಲಾಬಿ ಬಣ್ಣವಿದ್ದರೆ ಸರಿ. ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಬಿಳಿಚಿದ ಒಸಡು, ಏದುಸಿರು ಕಂಡರೆ ಅದೇ ದಿನ ಆಸ್ಪತ್ರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗ ರಕ್ತ ಕೊಡಿಸಬೇಕಾಗಿ ಬರಬಹುದು, ಹತ್ತಿರದಲ್ಲಿ ಲಸಿಕೆಯಾದ, 25 ಕೆ.ಜಿ. ಮೀರಿದ ಆರೋಗ್ಯದ ನಾಯಿ ಯಾರ ಮನೆಯಲ್ಲಿದೆ ಎಂದು ಈಗಲೇ ತಿಳಿದುಕೊಂಡಿರಿ.

ಕಿತ್ತ ಉಣುಗನ್ನು ಸ್ಪಿರಿಟ್ ಹಾಕಿದ ಸಣ್ಣ ಬಾಟಲಿಗೆ ಹಾಕಿ, ಮೇಲೆ ತಿಂಗಳ ಹೆಸರು ಬರೆಯಿರಿ. ಎಣಿಸುವುದು ಮಾವನವರ ಪಾಲಿಗಿರಲಿ. ತಿಂಗಳಿಂದ ತಿಂಗಳಿಗೆ ಸಂಖ್ಯೆ ಇಳಿಯಬೇಕು. ಮೂರನೆಯ ತಿಂಗಳಲ್ಲೂ ಎಳ್ಳಿನಷ್ಟು ಸಣ್ಣವು ಸಿಗುತ್ತಿದ್ದರೆ ಎಲ್ಲೋ ಮೊಟ್ಟೆಯ ಬಿರುಕು ಒಂದು ಉಳಿದಿದೆ. ಏಣಿ ಹಾಕಿಕೊಂಡು ಕಾಳ ಮಲಗುವ ಜಾಗದ ನೇರ ಮೇಲಿನ ತೊಲೆ, ಗೋಡೆ ಸೇರುವ ಸಂದು ನೋಡಿ.